ಸೊಂಟದ ಗೊಂಚಲು ಹೇಳುವ ಚರಿತ್ರೆ

ಇಂಗ್ಲೆಂಡಿಗೆ ಅಧಿಕೃತ ರಾಷ್ಟ್ರೀಯ ಉಡುಪು ಎಂಬುದಿಲ್ಲ. ಅಲ್ಲಿನ ಪ್ರಾಚೀನ ಉಡುಗೆ-ತೊಡುಗೆ ತಿಳಿಯಲು ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳನ್ನೇ ನೋಡಬೇಕು. 5-6ನೇ ಶತಮಾನದ ಸ್ತ್ರೀಯರ ಸಮಾಧಿಗಳಲ್ಲಿ ಭುಜದ ಮೇಲೆ ಉಡುಪು ಬಿಗಿಯುವ ಜೋಡಿ ಪಿನ್ನುಗಳು, ಮಣಿಸರ, ಸೊಂಟಕ್ಕೆ ತೂಗುಬಿಡುತ್ತಿದ್ದ ಬೀಗದ ಕೈ ಆಕಾರದ ಕಂಚಿನ ಒಡವೆಗಳು ಸಿಕ್ಕಿವೆ. ಇವು ಮನೆಯೊಡತಿಯ ಅಧಿಕಾರದ ಗುರುತು ಎನ್ನುತ್ತಾರೆ ವಿದ್ವಾಂಸರು.

ನಮಗಿದು ಹೊಸದೇ? ನಮ್ಮ ಅಜ್ಜಿಯರ ಸೊಂಟದಲ್ಲೂ ಬೀಗದ ಕೈ ಗೊಂಚಲಿತ್ತು. ಅದು ಸೊಸೆಯ ಕೈ ಸೇರಿದ ದಿನ ಮನೆಯ ಯಜಮಾನಿಕೆಯೂ ಸೇರಿದಂತೆ.

ರಬಾಳೆಯ ನಮ್ಮ ಮನೆಗಳಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಹಬ್ಬಕ್ಕಾದರೂ ಹೊರಬರುತ್ತವೆ. ಡಾಬು, ವಂಕಿಗಳು ಲಾಕರಿನಲ್ಲೇ ಉಳಿದಿವೆ. ಇಂಗ್ಲಿಷರು ತಮ್ಮ ಅಜ್ಜಿಯರ ಒಡವೆಗಳನ್ನು ಅರಿಯಲು ಮಣ್ಣು ಅಗೆಯಬೇಕಾಯಿತು. ನಮಗೆ ಕೇಳಿದರೆ ಹೇಳುವ ಹಿರಿಯರು ಇನ್ನೂ ಇದ್ದಾರೆ. ಯಾವ ಒಡವೆಯನ್ನು ಯಾವಾಗ, ಏಕೆ ತೊಡುತ್ತಿದ್ದರೆಂದು ಕೇಳಿ, ಹೆಸರು ಸಮೇತ ಮಕ್ಕಳಿಗೆ ತಿಳಿಸೋಣ.