ಕಂಪ್ಯೂಟರ್‌ನ ಕಿರ್ದಿ ಪುಸ್ತಕ: ಬಫರ್ ಮತ್ತು ಲಾಗ್ ನಡೆದು ಬಂದ ದಾರಿ

ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬುದು ಪವಿತ್ರ ಕುರ್‌ಆನಿನ ಆದೇಶ. ಸೂರಃ ಅಲ್ ಬಕರಃದ 282ನೆಯ ಆ ಸೂಕ್ತ ಇಡೀ ಗ್ರಂಥದಲ್ಲಿಯೇ ಅತಿ ದೀರ್ಘವಾದುದು. ಮನುಷ್ಯನ ಮರೆವು, ಅದರಿಂದ ಹುಟ್ಟುವ ಜಗಳ ಇವೆರಡನ್ನೂ ಬರವಣಿಗೆ ತಡೆಯುತ್ತದೆ. ಕಂಪ್ಯೂಟರ್‌ಗೂ ಮರೆವಿದೆ. ವಿದ್ಯುತ್ ಹೋದ ಕ್ಷಣವೇ ಅದರ ಮೆಮೊರಿ ಖಾಲಿ. ಹಾಗಿದ್ದೂ ನಾವು ಬ್ಯಾಂಕಿಗೆ ಕಟ್ಟಿದ ಹಣ ಮಾಯವಾಗುವುದಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂಬುದರ ಹಿಂದೆ ಸುಮಾರು ಐವತ್ತು ವರ್ಷಗಳ ಚರಿತ್ರೆ ಇದೆ.

ಆರಂಭದ ದಿನಗಳು

1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಅವರು ಮಾಹಿತಿಯನ್ನು ಸರಳ ಕೋಷ್ಟಕಗಳ ರೂಪದಲ್ಲಿ ಇಡಬಹುದೆಂಬ ಪ್ರಬಂಧ ಪ್ರಕಟಿಸಿದರು. ರಿಲೇಶನಲ್ ಡೇಟಾಬೇಸ್ ಹುಟ್ಟಿದ್ದು ಅಲ್ಲಿಂದ. ವಿಚಾರ ಚೆನ್ನಾಗಿದೆ, ಆದರೆ ವೇಗವಾಗಿ ನಡೆಯದು ಎಂದು ಅನೇಕರು ಸಂಶಯಪಟ್ಟರು. ಆ ಸಂಶಯಕ್ಕೆ ಉತ್ತರ ಹುಡುಕಿದ್ದು ಅಮೆರಿಕದ ಎರಡು ತಂಡಗಳು: ಸ್ಯಾನ್ ಹೋಸೆಯಲ್ಲಿ ಐಬಿಎಂನ ಸಿಸ್ಟಮ್ ಆರ್, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಂಗ್ರೆಸ್.

ಅವರ ಮುಂದಿದ್ದ ಮುಖ್ಯ ತೊಡಕು ಡಿಸ್ಕ್. ತಿರುಗುವ ಡಿಸ್ಕಿನಿಂದ ಒಂದು ಪುಟ ಓದಲು ಸುಮಾರು 10 ಮಿಲಿಸೆಕೆಂಡ್ ಬೇಕು. ಮೆಮೊರಿ ಇದಕ್ಕಿಂತ ಲಕ್ಷ ಪಟ್ಟು ವೇಗ. ಆದ್ದರಿಂದ ಪದೇ ಪದೇ ಬೇಕಾಗುವ ಪುಟಗಳನ್ನು ಮೆಮೊರಿಯ ಒಂದು ಭಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಇದೇ ಬಫರ್. ಅಂಗಡಿಯವನು ದಿನವೂ ಹೋಗುವ ಸರಕನ್ನು ಕೈಗೆಟಕುವಲ್ಲಿಟ್ಟು, ಉಳಿದದ್ದನ್ನು ಗೋದಾಮಿನಲ್ಲಿಡುವ ಹಾಗೆ.

ಆದರೆ ಬಫರಿನಲ್ಲಿ ತಿದ್ದಿದ್ದು ಡಿಸ್ಕಿಗೆ ಹೋಗುವ ಮೊದಲೇ ಕರೆಂಟ್ ಹೋದರೆ? ಅದಕ್ಕಾಗಿ ಬಂದದ್ದು ಲಾಗ್. ಇದು ಡೇಟಾಬೇಸಿನ ಕಿರ್ದಿ ಪುಸ್ತಕ. ಖಾತೆಯ ಪುಟವನ್ನು ಡಿಸ್ಕಿನಲ್ಲಿ ಬದಲಿಸುವ ಮೊದಲೇ ಬದಲಾವಣೆಯ ವಿವರ ಲಾಗ್‌ನಲ್ಲಿ ದಾಖಲಾಗಬೇಕು. ಆ ದಾಖಲೆ ಡಿಸ್ಕಿಗೆ ತಲುಪಿದ ಮೇಲಷ್ಟೇ ‘ವ್ಯವಹಾರ ಮುಗಿಯಿತು’ ಎಂದು ಗ್ರಾಹಕನಿಗೆ ತಿಳಿಸಬೇಕು. ಸಿಸ್ಟಮ್ ಆರ್ ತಂಡದಲ್ಲಿದ್ದ ಜಿಮ್ ಗ್ರೇ ಈ ವಿಷಯಗಳಿಗೆ ಶಾಸ್ತ್ರದ ರೂಪ ಕೊಟ್ಟರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. 2007ರ ಜನವರಿಯಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋದ ಅವರು ಮರಳಿ ಬರಲಿಲ್ಲ.

ಲಾಗ್ ಬಳಸಿ ಡೇಟಾಬೇಸನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ‘ಏರೀಸ್’ ವಿಧಾನವನ್ನು 1992ರ ಪ್ರಬಂಧದಲ್ಲಿ ವಿವರಿಸಿದ ಐಬಿಎಂ ತಂಡದ ಪ್ರಮುಖರು ಸಿ. ಮೋಹನ್. ಮದ್ರಾಸ್ ಐಐಟಿಯಲ್ಲಿ ಅವರು ಓದಿದ್ದು ಕೆಮಿಕಲ್ ಇಂಜಿನಿಯರಿಂಗ್ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಬಹುಕಾಲ ಇಂತಹ ಲಾಗ್ ಇಲ್ಲದೆ ಇದ್ದ ಉಚಿತ ಡೇಟಾಬೇಸ್ ಪೋಸ್ಟ್‌ಗ್ರೆಸ್ಕ್ಯೂಎಲ್ ಕೂಡ 2001ರ 7.1 ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು.

ಅಳೆಯುವ ಕಾಲ

ವ್ಯವಸ್ಥೆ ಸಿದ್ಧವಾಯಿತು. ಅದು ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? 1985ರಲ್ಲಿ ಗ್ರೇ ಮತ್ತು ಸಂಗಡಿಗರು ಬ್ಯಾಂಕಿನ ಜಮಾ-ಖರ್ಚನ್ನೇ ಮಾದರಿಯಾಗಿಟ್ಟು ಒಂದು ಪರೀಕ್ಷೆ ಸೂಚಿಸಿದರು: ನೂರರಲ್ಲಿ 95 ವ್ಯವಹಾರಗಳು ಒಂದು ಸೆಕೆಂಡಿನೊಳಗೆ ಮುಗಿಯಬೇಕು. 1987ರಲ್ಲಿ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು ‘ಐದು ನಿಮಿಷದ ನಿಯಮ’ ಹೇಳಿದರು. ಐದು ನಿಮಿಷಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ಬೇಕಾಗುವ ಪುಟವನ್ನು ಮೆಮೊರಿಯಲ್ಲಿಡುವುದೇ ಅಂದಿನ ಬೆಲೆಯಲ್ಲಿ ಲಾಭಕರವಾಗಿತ್ತು.

ಲಾಗ್‌ನ ಲೆಕ್ಕವೂ ಸರಳ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಸುತ್ತಿಗೊಂದು ವ್ಯವಹಾರ ಬರೆದರೆ 120ಕ್ಕೇ ಮಿತಿ. ಹತ್ತನ್ನು ಒಟ್ಟಿಗೆ ಬರೆದರೆ 1200. 1980ರ ದಶಕದಲ್ಲಿ ಈ ‘ಗುಂಪು ಬರಹ’ದ ಉಪಾಯವೂ ರೂಢಿಗೆ ಬಂತು.

ಬಫರಿಗೆ ಜನಪ್ರಿಯವಾದ ಅಳತೆ ಹಿಟ್ ರೇಶಿಯೊ. ಕೇಳಿದ ಪುಟಗಳಲ್ಲಿ ಶೇಕಡಾ ಎಷ್ಟು ಮೆಮೊರಿಯಲ್ಲೇ ಸಿಕ್ಕವು ಎಂಬ ಲೆಕ್ಕ ಇದು. ಒಂದು ಲಕ್ಷ ಪುಟ ಓದುವಾಗ ಶೇ. 90 ಸಿಕ್ಕರೆ 10,000 ಪುಟಗಳಿಗೆ ಡಿಸ್ಕಿಗೆ ಹೋಗಬೇಕು. ಅಂದರೆ ಸುಮಾರು 100 ಸೆಕೆಂಡ್. ಶೇ. 99 ಸಿಕ್ಕರೆ 10 ಸೆಕೆಂಡ್ ಸಾಕು. ಹೀಗಾಗಿ ಈ ಅಂಕಿಯನ್ನು ಏರಿಸುವುದೇ ಡೇಟಾಬೇಸ್ ನಿರ್ವಾಹಕರ ಗುರಿಯಾಗಿಬಿಟ್ಟಿತು.

ಎಡವಿದ್ದು ಇಲ್ಲಿಯೇ. ಒಂದು ಪ್ರಶ್ನೆಯನ್ನು ಕೆಟ್ಟದಾಗಿ ಬರೆದು, ಅದು ಒಂದು ಕೋಟಿ ಪುಟಗಳನ್ನು ತಡಕಾಡುತ್ತದೆ ಎನ್ನೋಣ. ಶೇ. 99.9 ಮೆಮೊರಿಯಲ್ಲೇ ಸಿಕ್ಕರೂ 10,000 ಪುಟ ಡಿಸ್ಕಿನಿಂದ ಬರಬೇಕು; 100 ಸೆಕೆಂಡ್ ಕಾಯಬೇಕು. ಅದೇ ಉತ್ತರವನ್ನು ಸರಿಯಾದ ಇಂಡೆಕ್ಸ್ ಬಳಸಿ 100 ಪುಟಗಳಲ್ಲಿ ಹುಡುಕಿದರೆ, ಶೇ. 80 ಮಾತ್ರ ಸಿಕ್ಕರೂ ಡಿಸ್ಕಿಗೆ ಹೋಗುವುದು 20 ಸಲ; ಐದನೇ ಒಂದು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಅಂಕಿ ಚೆಂದ ಇದ್ದಲ್ಲಿ ಜನ ಸಾಲಿನಲ್ಲಿ ಕಾಯುತ್ತಾರೆ. ಅಂಕಿ ಸಾಧಾರಣವಿದ್ದಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುತ್ತಾರೆ!

1990ರ ದಶಕದಲ್ಲಿ ಬಂದ ಒರಾಕಲ್ 7, ಪ್ರತಿಯೊಂದು ಕೆಲಸ ಯಾವುದಕ್ಕಾಗಿ ಎಷ್ಟು ಹೊತ್ತು ಕಾಯಿತು ಎಂದು ತೋರಿಸತೊಡಗಿತು. ಲಾಗ್ ಬರೆಯಲು ಕಾದದ್ದೆಷ್ಟು, ಖಾಲಿ ಬಫರಿಗಾಗಿ ಕಾದದ್ದೆಷ್ಟು ಎಂಬುದು ಬೇರೆ ಬೇರೆಯಾಗಿ ಕಾಣಿಸಿತು. ಕೇರಿ ಮಿಲ್‌ಸಾಪ್ ಮತ್ತು ಜೆಫ್ ಹೋಲ್ಟ್ 2003ರ ತಮ್ಮ ಪುಸ್ತಕದಲ್ಲಿ, ಅಳೆಯಬೇಕಾದದ್ದು ಬಳಕೆದಾರ ಕಾಯುವ ಸಮಯವನ್ನು ಎಂದು ವಾದಿಸಿದರು. ಪೋಸ್ಟ್‌ಗ್ರೆಸ್ಕ್ಯೂಎಲ್‌ನಲ್ಲಿ ಲಾಗ್‌ನ ಅಂಕಿಅಂಶಗಳಿಗೆ 2021ರಲ್ಲಿ, ಓದು-ಬರಹದ ವಿವರಗಳಿಗೆ 2023ರಲ್ಲಿ ಪ್ರತ್ಯೇಕ ನೋಟಗಳು ಸೇರಿದವು.

ನಮಗಿರುವ ಪಾಠ

ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು ನಾಳೆ ಇಂತಹ ವ್ಯವಸ್ಥೆಗಳ ಹೊಣೆ ಹೊರಬಹುದು. ಪರದೆಯ ಆಚೆಗೆ ಪಿಂಚಣಿಗಾಗಿ ನಿಂತ ವೃದ್ಧೆ, ಫಲಿತಾಂಶಕ್ಕಾಗಿ ಕಾದ ವಿದ್ಯಾರ್ಥಿ ಇರುತ್ತಾರೆ. ವೇಗದ ಆಸೆಗೆ ಲಾಗ್ ಬರೆಯುವುದನ್ನು ಮುಂದೂಡುವ ಸೌಲಭ್ಯ ಹಲವು ಡೇಟಾಬೇಸ್‌ಗಳಲ್ಲಿ ಇದೆ. ಆದರೆ ಆಗ ಕರೆಂಟ್ ಹೋದರೆ, ‘ಮುಗಿಯಿತು’ ಎಂದು ಕೊಟ್ಟ ಮಾತೇ ಸುಳ್ಳಾಗಬಹುದು. ಕೊಟ್ಟ ಮಾತು ಉಳಿಸುವುದು ಅಮಾನತ್. ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ ಕುರ್‌ಆನಿನ ಬೋಧನೆ ತಕ್ಕಡಿಗೆ ಮಾತ್ರ ಅಲ್ಲ, ವರದಿಯಲ್ಲಿ ನಾವು ಬರೆಯುವ ಅಂಕಿಗೂ ಅನ್ವಯಿಸುತ್ತದೆ. ನ್ಯಾಯವಾಗಿ ಬರೆಯುವ, ನ್ಯಾಯವಾಗಿ ಅಳೆಯುವ ಸಾಮರ್ಥ್ಯವನ್ನು ಅಲ್ಲಾಹನು ನಮ್ಮ ಯುವಪೀಳಿಗೆಗೆ ಕರುಣಿಸಲಿ.