ಯೂನಿಟ್ ಸೋರುವುದೆಲ್ಲಿ? ಮನೆ, ಕಟ್ಟಡಗಳಿಗೂ ಬೇಕು ಇಂಧನ ಲೆಕ್ಕಪರಿಶೋಧನೆ

ತಿಂಗಳ ವಿದ್ಯುತ್ ಬಿಲ್ಲು ಎಷ್ಟು ಯೂನಿಟ್ ಬಳಕೆಯಾಯಿತು ಎಂಬುದನ್ನು ತಿಳಿಸುತ್ತದೆಯೇ ಹೊರತು ಯಾವ ಉಪಕರಣ ಎಷ್ಟು ಬಳಸಿತು ಎಂಬುದನ್ನು ತಿಳಿಸುವುದಿಲ್ಲ. ಈ ಎರಡನೆಯ ಲೆಕ್ಕವನ್ನು ತೆಗೆಯುವ ವಿಧಾನವೇ ಇಂಧನ ಲೆಕ್ಕಪರಿಶೋಧನೆ, ಅಂದರೆ ಎನರ್ಜಿ ಆಡಿಟ್. ಕಾರ್ಖಾನೆಗಳಿಗಷ್ಟೇ ಸಂಬಂಧಿಸಿದ್ದು ಎಂದು ಭಾವಿಸಲಾಗಿದ್ದ ಈ ಲೆಕ್ಕಾಚಾರ ಈಗ ಅಪಾರ್ಟ್‌ಮೆಂಟ್ ಹಾಗೂ ಮನೆಗಳಿಗೂ ಅಗತ್ಯವೆನಿಸಿದೆ.

ಕಾನೂನು ಏನು ಹೇಳುತ್ತದೆ?

ಸಂಸತ್ತು 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಅದರಡಿ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ (ಬಿಇಇ) ಅಸ್ತಿತ್ವಕ್ಕೆ ಬಂದಿತು. ಇಂಧನ ಲೆಕ್ಕಪರಿಶೋಧಕರಿಗೆ ರಾಷ್ಟ್ರಮಟ್ಟದ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನೂ ಈ ಬ್ಯೂರೋ ರೂಪಿಸಿದೆ. ರಾಜ್ಯದಲ್ಲಿ ಕಾಯ್ದೆಯ ಅನುಷ್ಠಾನದ ಹೊಣೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ್ದು (ಕ್ರೆಡಲ್). ಸಾಮಾನ್ಯ ಮನೆಗಳಿಗೆ ಆಡಿಟ್ ಕಡ್ಡಾಯವಲ್ಲ. ಆದರೆ 2022ರ ತಿದ್ದುಪಡಿಯು ದೊಡ್ಡ ವಸತಿ ಕಟ್ಟಡಗಳನ್ನೂ ಇಂಧನ ಸಂಹಿತೆಯ ವ್ಯಾಪ್ತಿಗೆ ತಂದಿದೆ.

ಮನೆಯಲ್ಲೇ ಮೊದಲ ಹೆಜ್ಜೆ

ಉಪಕರಣದ ವ್ಯಾಟ್ ಪ್ರಮಾಣವನ್ನು ಬಳಕೆಯ ಗಂಟೆಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್ ದೊರೆಯುತ್ತದೆ. 2,000 ವ್ಯಾಟ್‌ನ ಗೀಸರ್ ದಿನಕ್ಕೆ 45 ನಿಮಿಷ ಉರಿದರೆ ತಿಂಗಳಿಗೆ 45 ಯೂನಿಟ್. 75 ವ್ಯಾಟ್‌ನ ನಾಲ್ಕು ಸಾಮಾನ್ಯ ಫ್ಯಾನ್‌ಗಳು ದಿನಕ್ಕೆ 8 ಗಂಟೆ ತಿರುಗಿದರೆ 72 ಯೂನಿಟ್. ಅವುಗಳ ಬದಲಿಗೆ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಅಳವಡಿಸಿದರೆ ಸುಮಾರು 29 ಯೂನಿಟ್ ಸಾಕು. ಏರ್ ಕಂಡೀಷನರ್‌ನ ಉಷ್ಣಾಂಶವನ್ನು ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಬ್ಯೂರೋ.

ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ದೀಪ-ಫ್ಯಾನ್‌ಗಳನ್ನೆಲ್ಲ ಆರಿಸಿ, ಮೇನ್ ಸ್ವಿಚ್ ಮಾತ್ರ ಚಾಲನೆಯಲ್ಲಿರುವಾಗ ಮೀಟರ್‌ನ ಕೆಂಪು ದೀಪವನ್ನು ಗಮನಿಸಬೇಕು. ಅದು ಆಗಲೂ ಮಿನುಗುತ್ತಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರುವ ಸಾಧ್ಯತೆಯುಂಟು. ಇದು ಹಣದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ರಿಂದಲೇ ತಪಾಸಣೆ ಮಾಡಿಸಬೇಕು.

200ರ ಗಡಿಯಲ್ಲಿರುವವರಿಗೆ

2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದಾಗಿ ಈ ಲೆಕ್ಕಕ್ಕೆ ಹೊಸ ಮಹತ್ವ ಬಂದಿದೆ. ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಯ ಉಚಿತ ಮಿತಿಯನ್ನು ನಿಗದಿಪಡಿಸಲಾಯಿತು. ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಗ್ರಾಹಕರೇ ಭರಿಸಬೇಕು.

180 ಯೂನಿಟ್ ಮಿತಿಯಿರುವ ಮನೆಯೊಂದು ತಿಂಗಳಿಗೆ 215 ಯೂನಿಟ್ ಬಳಸುತ್ತಿದೆ ಎಂದುಕೊಳ್ಳೋಣ. ಯೂನಿಟ್‌ಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೂ ಬಳಕೆಯ ಶುಲ್ಕವೇ 1,290 ರೂಪಾಯಿ. ಮೇಲೆ ಹೇಳಿದಂತೆ ನಾಲ್ಕು ಫ್ಯಾನ್ ಬದಲಿಸಿದರೆ 43 ಯೂನಿಟ್ ಉಳಿದು, ಬಳಕೆ 172ಕ್ಕೆ ಇಳಿಯುತ್ತದೆ; ಬಿಲ್ಲು ಶೂನ್ಯವಾಗುತ್ತದೆ. ಫ್ಯಾನ್ ಒಂದಕ್ಕೆ 3,000 ರೂಪಾಯಿ ಎಂದಾದರೆ ಹೂಡಿದ 12,000 ರೂಪಾಯಿ 10 ತಿಂಗಳೊಳಗೆ ಹಿಂದಿರುಗುತ್ತದೆ. ಅದೇ ಫ್ಯಾನ್‌ಗಳನ್ನು ತಿಂಗಳಿಗೆ 400 ಯೂನಿಟ್ ಬಳಸುವ ಮನೆಗೆ ಅಳವಡಿಸಿದರೆ ಅಸಲು ಹಿಂದಿರುಗಲು ಸುಮಾರು ನಾಲ್ಕು ವರ್ಷ ಬೇಕು. ಯಾರಿಗೆ ಯಾವ ಬದಲಾವಣೆ ಲಾಭಕರ ಎಂಬುದನ್ನು ಅಂಗಡಿಯ ಜಾಹೀರಾತು ಹೇಳದು. ಅದನ್ನು ತಿಳಿಯಲು ಆಯಾ ಮನೆಯ ಲೆಕ್ಕವನ್ನೇ ನೋಡಬೇಕು.

ಅಪಾರ್ಟ್‌ಮೆಂಟ್‌ಗಳಲ್ಲಿ

ಬಹುಮಹಡಿ ಕಟ್ಟಡಗಳಲ್ಲಿ ನೀರೆತ್ತುವ ಪಂಪ್, ಲಿಫ್ಟ್, ಕೊಳಚೆ ನೀರು ಶುದ್ಧೀಕರಣ ಘಟಕ ಹಾಗೂ ನೆಲಮಾಳಿಗೆಯ ದೀಪಗಳ ವೆಚ್ಚ ನಿರ್ವಹಣಾ ಶುಲ್ಕದ ಮೂಲಕ ಎಲ್ಲ ನಿವಾಸಿಗಳ ಮೇಲೂ ಬೀಳುತ್ತದೆ. ಇಲ್ಲಿ ವೃತ್ತಿಪರ ಆಡಿಟ್ ಉಪಯುಕ್ತ. ಇದರಲ್ಲಿ ಎರಡು ಬಗೆ. ಪ್ರಾಥಮಿಕ ಆಡಿಟ್‌ನಲ್ಲಿ ಕಟ್ಟಡವನ್ನು ಸುತ್ತಿ ನೋಡಿ, ಹಳೆಯ ಬಿಲ್ಲುಗಳನ್ನು ಪರಿಶೀಲಿಸಲಾಗುತ್ತದೆ. ವಿವರವಾದ ಆಡಿಟ್‌ನಲ್ಲಿ ಪವರ್ ಅನಲೈಸರ್, ಲಕ್ಸ್ ಮೀಟರ್ ಮುಂತಾದ ಸಾಧನಗಳಿಂದ ಪ್ರತಿ ಯಂತ್ರದ ಬಳಕೆಯನ್ನು ಅಳೆಯಲಾಗುತ್ತದೆ. ಮಂಜೂರಾದ ಲೋಡ್ ಅಗತ್ಯಕ್ಕಿಂತ ಹೆಚ್ಚಿದ್ದರೆ ನಿಗದಿತ ಶುಲ್ಕದ ಹೊರೆಯೂ ಹೆಚ್ಚು. ಅದೂ ಇಲ್ಲಿ ಬೆಳಕಿಗೆ ಬರುತ್ತದೆ.

ಆಡಿಟ್ ಮಾಡಿಸುವ ಮುನ್ನ

* ಕನಿಷ್ಠ 12 ತಿಂಗಳ ಬಿಲ್ಲುಗಳನ್ನು ಸಿದ್ಧವಾಗಿಡಿ. ಬೇಸಿಗೆ, ಮಳೆಗಾಲಗಳ ವ್ಯತ್ಯಾಸ ಅದರಲ್ಲಿಯೇ ತಿಳಿಯುತ್ತದೆ.
* ಲೆಕ್ಕಪರಿಶೋಧಕರು ಬ್ಯೂರೋದ ಪ್ರಮಾಣಪತ್ರ ಹೊಂದಿರುವರೇ ಎಂದು ಪರಿಶೀಲಿಸಿ.
* ಉಪಕರಣ ಮಾರುವವರೇ ಉಚಿತ ಆಡಿಟ್‌ಗೆ ಮುಂದಾದರೆ ಅವರ ವರದಿಯನ್ನು ಎಚ್ಚರಿಕೆಯಿಂದ ಓದಿ.
* ಪ್ರತಿ ಶಿಫಾರಸಿಗೂ ತಗಲುವ ವೆಚ್ಚ, ಉಳಿಯುವ ಯೂನಿಟ್ ಹಾಗೂ ಹಣ ಹಿಂದಿರುಗುವ ಅವಧಿ ವರದಿಯಲ್ಲಿ ಇರಲೇಬೇಕು.
* ಖರ್ಚಿಲ್ಲದ ಕ್ರಮಗಳನ್ನು ಮೊದಲು ಜಾರಿಗೊಳಿಸಿ; ದೊಡ್ಡ ಖರೀದಿ ನಂತರವಿರಲಿ.

ವರದಿ ಕೈಸೇರಿದ ಮಾತ್ರಕ್ಕೆ ಬಿಲ್ಲು ಇಳಿಯುವುದಿಲ್ಲ. ಶಿಫಾರಸು ಜಾರಿಯಾದ ಮೇಲೆ ಮೂರು ತಿಂಗಳ ಬಿಲ್ಲನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಬಿಲ್ಲಿನೊಂದಿಗೆ ಹೋಲಿಸಿ ನೋಡಿದಾಗಲೇ ಆಡಿಟ್ ಪೂರ್ಣಗೊಂಡಂತೆ.