ಅನಂತಗಿರಿಯಿಂದ ಮುಡಬಿಗೆ

ನಿಜಾಮರ ಕಾಲದಲ್ಲಿ ಮುಡಬಿ, ಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಕಫದಲ್ಲಿ ರಕ್ತ ಕಂಡವನಿಗೆ ಇದ್ದದ್ದು ದೂರದ ದಾರಿಗಳೇ. ಕೈಯಲ್ಲಿ ನಾಲ್ಕು ರೊಕ್ಕ ಇದ್ದವರು ಮಿರಜಿನ ಮಿಷನ್ ದವಾಖಾನೆಗೆ ಹೋಗುತ್ತಿದ್ದರು. ಉಳಿದವರು ಬೀದರಿನಲ್ಲಿ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು, ಅನಂತಗಿರಿ ಗುಡ್ಡದ ಸ್ಯಾನಟೋರಿಯಂ ಸೇರುತ್ತಿದ್ದರು. ನವಾಬ ಫಕ್ರ್-ಉಲ್-ಮುಲ್ಕ್ ಹೈದರಾಬಾದಿನ ಎರ್ರಗಡ್ಡದಲ್ಲಿ ಕಟ್ಟಿಸಿದ ಇರಂ ನುಮಾ ಅರಮನೆಯೂ ಮುಂದೆ ಕ್ಷಯದ ಆಸ್ಪತ್ರೆಯಾಯಿತು. ಬಹಳ ಮಂದಿ ಎಲ್ಲಿಗೂ ಹೋಗಲಿಲ್ಲ. ಹೊಲದ ಗುಡಿಸಲಿನಲ್ಲಿ ಬೇರೆ ತಾಟು, ಬೇರೆ ಚರಿಗಿ ಇಟ್ಟುಕೊಂಡು ಕೆಮ್ಮುತ್ತಲೇ ಸತ್ತರು.

ನಮ್ಮ ಕಾಕಾ ಅನಂತಗಿರಿಯಲ್ಲಿ ಮಲಗಿ ಎದ್ದು ಬಂದವರು. ಪಕ್ಕೆಲುಬಿನ ಸಂದಿಗೆ ಸೂಜಿ ಹಾಕಿ ಗಾಳಿ ತುಂಬುತ್ತಿದ್ದರೆಂದು ಹೇಳುತ್ತಿದ್ದರು. ನಾವು ಮಕ್ಕಳು ಅದನ್ನು ಕಟ್ಟುಕತೆ ಅಂದುಕೊಂಡಿದ್ದೆವು. ವೈದ್ಯಕೀಯ ಓದುವಾಗ ಗೊತ್ತಾಯಿತು, ಅದು ಆ ಕಾಲದಲ್ಲಿ ಜಗತ್ತಿನಾದ್ಯಂತ ನಡೆಯುತ್ತಿದ್ದ ಚಿಕಿತ್ಸೆ. ಎದೆಗೂಡಿನಲ್ಲಿ ಗಾಳಿ ತುಂಬಿದರೆ ಶ್ವಾಸಕೋಶ ಕುಗ್ಗುತ್ತದೆ. ಕುಗ್ಗಿದ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಕ್ಕು ಹುಣ್ಣು ಮಾಯುತ್ತದೆ ಎಂಬುದು ನಂಬಿಕೆ. ತುಂಬಿದ ಗಾಳಿ ಒಳಗೇ ಇಂಗಿಹೋಗುವುದರಿಂದ ಮತ್ತೆ ಮತ್ತೆ ತುಂಬಬೇಕಿತ್ತು. ಅದಕ್ಕೂ ಬಗ್ಗದವರಿಗೆ ಪಕ್ಕೆಲುಬನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಈ ಸೂಜಿ, ಕತ್ತರಿಗಳ ಕಾಲ ಮುಗಿಯತೊಡಗಿತು.

ಆದರೆ ನನ್ನ ಕಸುಬಿನ ಇತಿಹಾಸದಲ್ಲಿ ಔಷಧಕ್ಕಿಂತ ದೊಡ್ಡದೊಂದು ತಿರುವು ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯದ ಔಷಧಗಳ ಸಂಶೋಧನಾ ಕೇಂದ್ರ ಶುರುವಾಯಿತು. ವಾಲೆಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ಮುಂದಾಳುತನ. ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂಗೆ ಸೇರಿಸಿದರು: ಒಳ್ಳೆಯ ಊಟ, ಗಾಳಿ, ಪೂರ್ತಿ ವಿಶ್ರಾಂತಿ. ಉಳಿದವರು ತಮ್ಮ ಇಕ್ಕಟ್ಟಿನ ಮನೆಯಲ್ಲೇ, ಇದ್ದ ಊಟ ಉಂಡು, ಅದೇ ಮಾತ್ರೆ ನುಂಗಿದರು. ಒಂದು ವರ್ಷದ ಚಿಕಿತ್ಸೆ ಮುಗಿದಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ರೋಗಿ ಮನೆಯಲ್ಲೇ ಉಳಿದದ್ದರಿಂದ ಹೆಂಡತಿ ಮಕ್ಕಳಿಗೆ ಹೆಚ್ಚು ಸೋಂಕು ತಗಲಿರಲೂ ಇಲ್ಲ. 1959ರಲ್ಲಿ ಈ ವರದಿ ಪ್ರಕಟವಾಯಿತು. ಬೇರೆ ತಾಟು, ಬೇರೆ ಗುಡಿಸಲು ಎಂಬ ನಮ್ಮ ಕಡೆಯ ಕ್ರೌರ್ಯಕ್ಕೆ ವಿಜ್ಞಾನ ಕೊಟ್ಟ ಉತ್ತರ ಅದು. ಕಾಕಾ ಗುಡ್ಡ ಹತ್ತುವ ಹೊತ್ತಿಗೆ ಆ ಮಾತ್ರೆಗಳಿದ್ದು, ಇದೂ ಗೊತ್ತಿದ್ದರೆ ಅವರು ಅಷ್ಟು ಕಾಲ ಮಕ್ಕಳ ಮುಖ ನೋಡದೆ ಇರಬೇಕಾಗಿರಲಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನವನ್ನು ನಾನು ಕಿರಿಯ ವೈದ್ಯರಿಗೆಲ್ಲ ಓದಿಸಿದ್ದೇನೆ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ದವಾಖಾನೆಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೋಗಿ ಕೇಳಿದರೆ, ಕ್ಷಯ ಇದ್ದವರಲ್ಲಿ ಅರ್ಧದಷ್ಟು ಜನ ಆಗಲೇ ದವಾಖಾನೆಗೆ ಹೋಗಿ ಬಂದಿದ್ದರು. ಕಫ ನೋಡದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದು ವೈದ್ಯರು. 1962ರ ರಾಷ್ಟ್ರೀಯ ಕಾರ್ಯಕ್ರಮ ಈ ಬಗೆಯ ತಿಳಿವಿನ ಮೇಲೆ ನಿಂತಿತು: ಕ್ಷಯಕ್ಕೆ ಬೇರೆ ಊರು ಬೇಡ, ಹತ್ತಿರದ ದವಾಖಾನೆಯಲ್ಲೇ ಕಫ ನೋಡಿ, ಅಲ್ಲೇ ಮಾತ್ರೆ ಕೊಡಿ.

ನಾನು ಕಲಬುರಗಿಯ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜಿನಲ್ಲಿ ಓದಿದೆ. ಅದು 1963ರಲ್ಲಿ ಶುರುವಾಗಿರದಿದ್ದರೆ ಮುಡಬಿಯ ಒಕ್ಕಲುತನದ ಮನೆಯ ಹುಡುಗ ಡಾಕ್ಟರ್ ಆಗುವುದು ಕನಸೇ. ಎದೆರೋಗದ ವಿಭಾಗ ಆರಿಸಿಕೊಂಡಾಗ ಗೆಳೆಯರು ಮರುಗಿದರು. ಆಗ ಅದು ಬಡವರ ರೋಗ, ಅದರ ಡಾಕ್ಟರೂ ಬಡವನೇ.

ಬೆಳಗಿನ ಕಫ, ಗಾಜಿನ ಪಟ್ಟಿ, ಕೆಂಪು ಬಣ್ಣ, ಸ್ಪಿರಿಟ್ ದೀಪ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ರೋಗ ಖಾತ್ರಿ. ಪತ್ತೆ ಸುಲಭ, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಕಷ್ಟ. ಒಂದೂವರೆ ವರ್ಷದವರೆಗೂ ನುಂಗಬೇಕಿತ್ತು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡ ಕೂಡಲೇ ಆಸಾಮಿ ಪುಣೆಗೋ ಮುಂಬಯಿಗೋ ದುಡಿಯಲು ಹೊರಟುಬಿಡುತ್ತಿದ್ದ. ಹೊಟ್ಟೆ ಕೇಳಬೇಕಲ್ಲ. ಮರಳಿ ಬರುವಷ್ಟರಲ್ಲಿ ರೋಗವೂ ಮರಳಿರುತ್ತಿತ್ತು. ಎಂಬತ್ತರ ದಶಕದಲ್ಲಿ ರಿಫಾಂಪಿಸಿನ್ ಸರ್ಕಾರಿ ದವಾಖಾನೆಗೂ ಬಂದು ಚಿಕಿತ್ಸೆ ಆರೆಂಟು ತಿಂಗಳಿಗೆ ಇಳಿಯಿತು. ಆ ಮಾತ್ರೆ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೆದರಿ ಓಡಿ ಬಂದವರಿಗೆ ನಾನು, "ಹಂಗ ಆಗ್ಲೇಬೇಕ್ರಿ, ಔಷಧ ಮೈಗೆ ಹತ್ತ್ಯಾದ" ಅನ್ನುತ್ತಿದ್ದೆ. ಮಾತ್ರೆ ನುಂಗಿದ್ದಾರೋ ಇಲ್ಲವೋ ಎಂದು ತಿಳಿಯಲು ನಮಗೂ ಅದೇ ಬಣ್ಣ ಸಾಕ್ಷಿ.

ದಮ್ಮಿನವರ ಕತೆ ಬೇರೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಹೈದರಾಬಾದಿನ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಲ್ಲಿ ಔಷಧ ಇಟ್ಟು ನುಂಗಿಸುತ್ತಾರೆ, 1845ರಿಂದ ನಡೆದುಬಂದದ್ದೆಂದು ಅವರ ಹೇಳಿಕೆ. ನಮ್ಮ ಕಡೆಯಿಂದಲೂ ಜನ ಹೋಗುತ್ತಿದ್ದರು. ನಾನು ಯಾರನ್ನೂ ಬೈಯಲಿಲ್ಲ. ಆದರೆ ಆ ಮೀನಿನಿಂದ ದಮ್ಮು ಗುಣವಾದದ್ದನ್ನು ನಾನು ನೋಡಿಲ್ಲ. ಇನ್‌ಹೇಲರ್ ಬಿಟ್ಟು ಹೋಗಿ ನೀಲಿಗಟ್ಟಿದ ತುಟಿಯಲ್ಲಿ ಮರಳಿದವರನ್ನು ನೋಡಿದ್ದೇನೆ.

ನಿದ್ರೆಯ ವೈದ್ಯಕ್ಕೆ ನಾನು ಬಂದದ್ದು ತಡವಾಗಿ. ಹಗಲಿನ ಉಸಿರನ್ನಷ್ಟೇ ನೋಡುತ್ತಿದ್ದ ನಮ್ಮ ವಿಭಾಗ ರಾತ್ರಿಯ ಉಸಿರನ್ನು ಗಮನಿಸಲು 1981 ಬರಬೇಕಾಯಿತು. ಆ ವರ್ಷ ಆಸ್ಟ್ರೇಲಿಯಾದ ಕಾಲಿನ್ ಸಲಿವನ್, ಮೂಗಿನ ಮೂಲಕ ಸತತವಾಗಿ ಗಾಳಿ ಒತ್ತಿ ನಿದ್ದೆಯಲ್ಲಿ ಗಂಟಲು ಮುಚ್ಚದಂತೆ ತಡೆಯುವ ಸಿಪ್ಯಾಪ್ ಚಿಕಿತ್ಸೆಯನ್ನು ಪ್ರಕಟಿಸಿದರು. ನಮ್ಮಲ್ಲಿ ಗೊರಕೆ ಎಂದರೆ ಸುಖನಿದ್ರೆ. ಹುಮನಾಬಾದಿನ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸುವ ಒಬ್ಬರು ಬಿ.ಪಿ. ಇಳಿಯುತ್ತಿಲ್ಲವೆಂದು ಬಂದಿದ್ದರು. ನಿದ್ದೆ ಹೇಗೆ ಎಂದೆ. "ಛಲೋ ಬರ್ತದ್ರಿ ಸಾಹೇಬ್ರ, ಕುಂತಲ್ಲೇ ಬರ್ತದ." ಪಕ್ಕದಲ್ಲಿದ್ದ ಹೆಂಡತಿ ತಡೆಯಲಾರದೆ ಹೇಳಿದರು: "ನಡುವ ಉಸುರೇ ನಿಂದರ್ತದ್ರಿ. ನಾ ಅಲ್ಲಾಡ್ಸಿ ಎಬ್ಬಸ್ತೀನಿ. ಎಷ್ಟು ವರ್ಷ ಆತು, ನಾ ನಿದ್ದಿ ಮಾಡಿಲ್ಲ."

ರೋಗನಿರ್ಣಯ ಆ ತಾಯಿಯೇ ಮಾಡಿ ಮುಗಿಸಿದ್ದರು. ರಾತ್ರಿಯಿಡೀ ತಲೆ, ಗದ್ದ, ಎದೆ, ಬೆರಳಿಗೆ ವೈರು ಅಂಟಿಸಿ ಮಾಡಿದ ಪರೀಕ್ಷೆ ಅವರ ಮಾತಿಗೆ ಅಂಕಿ ಒದಗಿಸಿತು, ಅಷ್ಟೆ. ಗಂಟೆಗೆ ಐದು ಸಲ ಉಸಿರು ಕಟ್ಟಿದರೇ ಗಮನಿಸಬೇಕು, ಮೂವತ್ತು ದಾಟಿದರೆ ತೀವ್ರ. ಇವರದು ಅದನ್ನೂ ಮೀರಿತ್ತು. ಅಂದಿನಿಂದ ಗೊರಕೆಯವರು ಒಬ್ಬರೇ ಬಂದರೆ, ಮುಂದಿನ ಸಲ ಮನೆಯವರನ್ನು ಕರಕೊಂಡು ಬನ್ನಿ ಎನ್ನುತ್ತಿದ್ದೆ.

ನಿವೃತ್ತನಾದ ಮೇಲೆ ಮುಡಬಿಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ಕೂತು ವಯಸ್ಸಾದ ಹೆಣ್ಣುಮಕ್ಕಳ ಬೆನ್ನಿಗೆ ಸ್ಟೆತಾಸ್ಕೋಪ್ ಇಡುತ್ತೇನೆ. ಬೀಡಿ ಮುಟ್ಟಿದವರಲ್ಲ. ತೊಗರಿ ಕಟ್ಟಿಗೆ, ಕುಳ್ಳಿನ ಹೊಗೆಯಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದವರು. ಗ್ಯಾಸ್ ಬಂದಿದೆ, ಆದರೆ ಸ್ನಾನದ ನೀರು ಈಗಲೂ ಒಲೆಯ ಮೇಲೆಯೇ. ಇವರ ಶ್ವಾಸನಾಳ ಎಷ್ಟು ಕಿರಿದಾಗಿದೆ ಎಂದು ತಿಳಿಯಲು ಒಂದು ಸಣ್ಣ ಯಂತ್ರಕ್ಕೆ ಜೋರಾಗಿ ಊದಿಸಿದರೆ ಸಾಕು, ಐದು ನಿಮಿಷದ ಕೆಲಸ. ಕಫದ ಪರೀಕ್ಷೆ ಹಳ್ಳಿಗೆ ಬಂದಂತೆ ಆ ಯಂತ್ರವೂ ಹೋಬಳಿಯ ಪ್ರತಿ ದವಾಖಾನೆಗೆ ಬರಬೇಕು. ಅದಕ್ಕಾಗಿ ಅರ್ಜಿ ಬರೆದು, ಊರವರ ಸಹಿ ಹಾಕಿಸುತ್ತಿದ್ದೇನೆ.